ದಪ್ಪ ಬೆಕ್ಕಿಗೆ ಡಯಟ್: ಬೇರೆ ಕೋಣೆಯೋ, ಚಿಪ್ ಫೀಡರೋ?

ಮನೆಯಲ್ಲಿ ಮೂರು ಬೆಕ್ಕಿದ್ದು, ಒಂದು ಮಾತ್ರ ದಪ್ಪ ಆಗಿದೆಯಾ? ಹಾಗಾದರೆ ಕಷ್ಟದ ಕೆಲಸ ಒಂದೇ, ಅದು ಪಕ್ಕದ ತಟ್ಟೆಗೆ ಬಾಯಿ ಹಾಕದಂತೆ ತಡೆಯೋದು.

ನನ್ನ ಮೊದಲ ಆಯ್ಕೆ ಬೇರೆ ಬೇರೆ ಕೋಣೆ. ಬೆಳಿಗ್ಗೆ, ಸಂಜೆ ಬಾಗಿಲು ಹಾಕಿ ಊಟ ಕೊಡಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಎತ್ತಿಡಿ. ಖರ್ಚಿಲ್ಲ. ಯಾರು ಎಷ್ಟು ತಿಂದರು ಅನ್ನೋದು ಕಣ್ಣಿಗೆ ಕಾಣುತ್ತದೆ. ಇದೇ ದೊಡ್ಡ ಲಾಭ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗಬಹುದು. ಉಪವಾಸ ಕೆಡವಲೇಬಾರದು. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟಿದಾಗ ವೆಟ್ ಫುಡ್ ಬೇಗ ಹಳಸುತ್ತದೆ. ಎತ್ತಿಡುವ ಅಭ್ಯಾಸ ಅದಕ್ಕೂ ಒಳ್ಳೆಯದು.

ಮೈಕ್ರೋಚಿಪ್ ಫೀಡರ್ ಅಂದರೆ ತಾನೇ ತೆರೆಯುವ ಮುಚ್ಚಳದ ತಟ್ಟೆ, ಇದು ದುಬಾರಿ. ಬೆಕ್ಕಿನ ಚರ್ಮದಡಿ ಹಾಕಿಸಿದ ಗುರುತಿನ ಚಿಪ್ ಅಥವಾ ಕೊರಳ ಟ್ಯಾಗ್ ಗುರುತಿಸಿ, ಆ ಬೆಕ್ಕಿಗಷ್ಟೇ ಮುಚ್ಚಳ ತೆರೆಯುತ್ತದೆ. ಹಗಲೆಲ್ಲ ಮನೆಯಲ್ಲಿ ಯಾರೂ ಇರಲ್ಲ, ಸಣಕಲು ಬೆಕ್ಕು ದಿನವಿಡೀ ಚೂರು ಚೂರೇ ತಿನ್ನುತ್ತೆ ಅಂದ್ರೆ ಇದನ್ನೇ ತಗೊಳ್ಳಿ.

ಎತ್ತರದ ಕಪಾಟಿನ ಮೇಲೆ ತಟ್ಟೆ ಇಡೋದನ್ನು ಮಾತ್ರ ನಂಬಬೇಡಿ. ಹಸಿದರೆ ದಪ್ಪ ಬೆಕ್ಕೂ ಹತ್ತುತ್ತದೆ.

ಯಾವ ದಾರಿ ಹಿಡಿದರೂ ಆಹಾರವನ್ನು ಗ್ರಾಂನಲ್ಲಿ ತೂಗಿ ಹಾಕಿ. ಅಜ್ಜಿ ಪ್ರೀತಿಯಿಂದ ಹಾಕುವ ಹಾಲು-ರೊಟ್ಟಿಯೂ ಲೆಕ್ಕಕ್ಕೆ ಬರಬೇಕು, ಅಲ್ವಾ? ವಾರಕ್ಕೆ ಮೈತೂಕದ 1ರಿಂದ 2% ಇಳಿದರೆ ಸಾಕು, ಅಂದರೆ 6 ಕೆಜಿ ಬೆಕ್ಕಿಗೆ 60ರಿಂದ 120 ಗ್ರಾಂ. ಎಷ್ಟು ಹಾಕಬೇಕು ಅನ್ನೋದನ್ನು ಶುರು ಮಾಡುವ ಮೊದಲೇ ಪಶುವೈದ್ಯರಿಂದ ಬರೆಸಿಕೊಳ್ಳಿ.