ಸೆಕೆಂಡ್‌ಹ್ಯಾಂಡ್ 9.9 ಎಚ್‌ಪಿ ಸೀಮೆಎಣ್ಣೆ ಇಂಜಿನ್, ಫೈಬರ್ ನಾಡದೋಣಿ ಸಮೇತ: ಕವರ್ ಬಿಚ್ಚುವ ಮೊದಲು ತಳ ನೋಡಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗೆ ಅಡ್ಡಿಯಿಲ್ಲ. ಹಾಗಾಗಿ 9.9ರ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್) ಎಷ್ಟೇ ಹಳೆಯದಾದರೂ ಗಿರಾಕಿ ತಪ್ಪುವುದಿಲ್ಲ. ಇಂಜಿನ್ ಯೋಗ್ಯವಾದದ್ದೇ. ಎರಡು ಸಿಲಿಂಡರ್, ಒಂದು ಕಾರ್ಬ್ಯುರೇಟರ್, ಎಳೆದು ಸ್ಟಾರ್ಟ್ ಮಾಡುವ ಹಗ್ಗ, ಅಷ್ಟೇ. ಕುಡಿಯುವುದು ಜಾಸ್ತಿ, ಹೊಗೆ ಜಾಸ್ತಿ, ಆದರೆ ದಡದಲ್ಲೇ ಬಿಚ್ಚಿ ಕಟ್ಟಬಹುದು. ಹಳೆಯ ಜೋಡಿ ಕೊಂಡವರದೆಲ್ಲ ಒಂದೇ ದೂರು: ‘ಸ್ಟಾರ್ಟ್ ಆಗುತ್ತದೆ, ಎಳೆಯುವುದಿಲ್ಲ.’ ಕೂಡಲೇ ಕಾರ್ಬ್ಯುರೇಟರ್ ಬಿಚ್ಚುತ್ತಾರೆ. ಅದು ಕೊನೆಗೆ ಮಾಡುವ ಕೆಲಸ.

ಮೊದಲು ದೋಣಿಯ ತೂಕ. ಫೈಬರ್ ಪದರಗಳ ನಡುವಿನ ಪ್ಲೈವುಡ್ಡೋ ಫೋಮೋ ಒಮ್ಮೆ ನೀರು ಕುಡಿದರೆ ಬಿಸಿಲಿಗಿಟ್ಟರೂ ಸುಲಭಕ್ಕೆ ಬಿಡುವುದಿಲ್ಲ. ನೂರು ಲೀಟರ್ ನೀರು ಸೇರಿದ್ದರೆ ನೂರು ಕಿಲೋಗೂ ಮೀರಿದ ಭಾರ, ಅಂದರೆ ಕೂಲಿ ಕೇಳದ ಇಬ್ಬರು ಆಳುಗಳನ್ನು ದಿನಾ ಹೊತ್ತು ಹೋದ ಹಾಗೆ. ಮರದ ಸುತ್ತಿಗೆಯಿಂದ ತಳವನ್ನೂ ಇಂಜಿನ್ ಕೂರುವ ಹಲಗೆಯನ್ನೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ನೀರು ಕುಡಿದದ್ದು ‘ದಬ್’ ಎನ್ನುತ್ತದೆ. ಹಲಗೆಯ ಒಂದು ಸ್ಕ್ರೂ ಬಿಚ್ಚಿ ನೋಡಿ. ತೂತಿನಿಂದ ಕಪ್ಪು ನೀರು ಜಿನುಗಿದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ದೋಣಿ ಬೇಡ. ತಳಕ್ಕೆ ಹಿಡಿದ ಚಿಪ್ಪು ಮಾತ್ರ ದೊಡ್ಡ ವಿಷಯವಲ್ಲ, ಕೆರೆದರೆ ಹೋಗುತ್ತದೆ. ಓಟ ಕಡಿಮೆಯಾಗಲು ಕೆಲವೊಮ್ಮೆ ಅದೊಂದೇ ಕಾರಣವಾಗಿರುತ್ತದೆ.

ಎರಡನೆಯದು ಇಂಜಿನ್ ಕೂತ ಎತ್ತರ. ಫ್ಯಾನಿನ (ಪ್ರೊಪೆಲ್ಲರ್) ಮೇಲಿರುವ ಚಪ್ಪಟೆ ತಟ್ಟೆ ದೋಣಿಯ ತಳದ ಮಟ್ಟದಲ್ಲಿ, ಹೆಚ್ಚೆಂದರೆ ಒಂದಿಂಚು ಕೆಳಗೆ ಇರಬೇಕು. ಮೇಲಿದ್ದರೆ ಫ್ಯಾನ್ ಗಾಳಿ ಹಿಡಿದು ಇಂಜಿನ್ ಚೀರುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತೀರಾ ಕೆಳಗಿದ್ದರೆ ನೀರನ್ನು ಸುಮ್ಮನೆ ಉಳುತ್ತಾ ಓಟ ಕಳೆಯುತ್ತದೆ. 15 ಇಂಚಿನ ಶಾಫ್ಟ್ (ಇಂಜಿನ್ನಿನ ಕಾಲಿನ ಉದ್ದ) ಬೇಕಾದಲ್ಲಿ 20 ಇಂಚಿನದ್ದು ಸಿಕ್ಕಿಸಿ ಮಾರುವುದುಂಟು, ಟೇಪ್ ಹಿಡಿದೇ ಹೋಗಿ.

ಫ್ಯಾನಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ರೆಕ್ಕೆಗಳಿಗೂ ಶಾಫ್ಟಿಗೂ ನಡುವೆ ಒಂದು ರಬ್ಬರ್ ಬುಷ್ ಇರುತ್ತದೆ. ಹಳೆಯದಾದರೆ ಅದು ಒಳಗೇ ಜಾರುತ್ತದೆ: ನಿಧಾನಕ್ಕೆ ಹೋಗುವಾಗ ಸರಿಯಿದ್ದ ದೋಣಿ, ಥ್ರಾಟಲ್ ಕೊಟ್ಟೊಡನೆ ಬರೀ ಸದ್ದು ಮಾಡುತ್ತದೆ. ಬುಷ್‌ನ ಒಳಗಿನ ಕೊಳವೆಯಿಂದ ರೆಕ್ಕೆಗಳ ಬುಡದ ಹೊರಗಿನ ಕೊಳವೆಯವರೆಗೆ ಬಣ್ಣದಲ್ಲಿ ಒಂದೇ ನೇರ ಗೆರೆ ಎಳೆದು ಒಂದು ಸುತ್ತು ಹೋಗಿ ಬನ್ನಿ. ಗೆರೆ ಮುರಿದಿದ್ದರೆ ಕಳ್ಳ ಸಿಕ್ಕಿದ. ಇನ್ನು ಪಿಚ್, ಅಂದರೆ ಫ್ಯಾನ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ. ಪ್ಲಗ್ ವಯರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಕಟ್ಟಿ, ಬಲೆ, ಐಸ್, ಆಳು ಎಲ್ಲ ತುಂಬಿಸಿ ಫುಲ್ ಥ್ರಾಟಲ್ ಕೊಡಿ. ಈ ವರ್ಗದ ಇಂಜಿನ್‌ಗಳಿಗೆ ಸಾಮಾನ್ಯವಾಗಿ 4500ರಿಂದ 5500 ಸರಿ. 4000ದಲ್ಲೇ ನಿಂತರೆ ಇಂಜಿನ್ನಿಗೆ ಫ್ಯಾನ್ ಭಾರವಾಗಿದೆ. ಪಿಚ್ ಒಂದಿಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಖಾಲಿ ದೋಣಿಯಲ್ಲಿ ತೋರಿಸುವ ಟ್ರಯಲ್‌ಗೆ ಬೆಲೆಯಿಲ್ಲ.

ಇವೆಲ್ಲ ಸರಿಯಿದ್ದೂ ಎಳೆಯದಿದ್ದರೆ ಎಣ್ಣೆಯ ದಾರಿ ಹಿಡಿಯಿರಿ. ಓಡುತ್ತಾ ಸೊರಗಿದಾಗ ಪೈಪಿನ ನಡುವಿನ ರಬ್ಬರ್ ಬಲ್ಬ್ ಒತ್ತಿ ನೋಡಿ. ಒತ್ತಿದೊಡನೆ ಚೇತರಿಸಿಕೊಂಡರೆ ಫ್ಯೂಯೆಲ್ ಪಂಪಿನ ಡಯಾಫ್ರಾಮ್ (ಎಣ್ಣೆ ತಳ್ಳುವ ತೆಳು ಪೊರೆ) ಸೋತಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಬಲ್ಬ್ ತಾನಾಗಿ ಚಪ್ಪಟೆಯಾಗಿದ್ದರೆ ತಡೆ ಟ್ಯಾಂಕಿನ ಕಡೆಗಿದೆ: ಮುಚ್ಚಳದ ಗಾಳಿತೂತು ತೆರೆದಿಲ್ಲ, ಅಥವಾ ಒಳಗಿನ ಜಾಲರಿ ಕಟ್ಟಿದೆ. ಐದು ನಿಮಿಷ ಓಡಿ ನಿಂತು, ಸ್ವಲ್ಪ ಬಿಟ್ಟು ಮತ್ತೆ ಸ್ಟಾರ್ಟ್ ಆಗುವ ಇಂಜಿನ್ನಿಗೆ ಮೆಕ್ಯಾನಿಕ್ ಕರೆಯುವ ಮೊದಲು ಆ ಗಾಳಿತೂತು ನೋಡಿ.

ಟ್ಯಾಂಕಿನ ಅಡಿಯಿಂದ ಒಂದು ಬಾಟಲಿ ತುಂಬಿಸಿ ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇದು ಇನ್ನೂ ಅಪಾಯ. ನೀರು ಹೆಚ್ಚಾದರೆ ಎಥನಾಲ್ ಅದರ ಜೊತೆ ಸೇರಿ ಕೆಳಗಿಳಿಯುತ್ತದೆ, ಟೂಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಆಯಿಲ್) ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಅಡಿಯಿಂದ ಎಳೆಯುವ ಇಂಜಿನ್ನಿಗೆ ಸಿಗುವುದು ಆಯಿಲ್ ಇಲ್ಲದ ಪದರ, ಪಿಸ್ಟನ್ ಹಿಡಿದುಕೊಳ್ಳಲು ಇನ್ನೇನು ಬೇಕು? ಆಯಿಲ್ ಅಳತೆ 50ಕ್ಕೆ 1 ಎಂದಿದ್ದರೆ ಹತ್ತು ಲೀಟರಿಗೆ 200 ಮಿಲಿ. ಟಿಸಿ-ಡಬ್ಲ್ಯು3 ಗುರುತಿನ ಔಟ್‌ಬೋರ್ಡ್ ಆಯಿಲ್ ಹಾಕಿ, ಬೈಕಿನ ಟೂಟಿ ಬೇಡ.

ಸೀಮೆಎಣ್ಣೆ ಇಂಜಿನ್ನಿಗೆ ಒಂದು ಶಿಸ್ತು ಇದೆ. ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್. ಕೊನೆಯದನ್ನು ಬಿಟ್ಟರೆ ಬೆಳಿಗ್ಗೆ ಹಗ್ಗ ಎಳೆದು ಎಳೆದು ರಟ್ಟೆ ಸೋಲುತ್ತದೆ. ತಣ್ಣಗಿದ್ದಾಗಲೇ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರೆ ಮಸಿ ಕಟ್ಟಿ ರಿಂಗ್ ಅಂಟಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿಗೇ ಸೀಮೆಎಣ್ಣೆ ಕುಡಿಸಿ ಓಡಿಸಿದ್ದನ್ನಂತೂ ಮುಟ್ಟಬೇಡಿ. ಅದರ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೆಚ್ಚು, ಸೀಮೆಎಣ್ಣೆ ಅದನ್ನು ತಾಳದೆ ಬಡಿದು ಪಿಸ್ಟನ್ ತಲೆ ತೂತಾಗುತ್ತದೆ.

ಇಂಜಿನ್ ಆಫ್ ಇದ್ದಾಗಲೇ ಮಾಡುವ ಪುಕ್ಕಟೆ ಪರೀಕ್ಷೆ ಒಂದಿದೆ. ಥ್ರಾಟಲ್ ಹಿಡಿಯನ್ನು ಪೂರ್ತಿ ತಿರುಗಿಸಿ, ಕಾರ್ಬ್ಯುರೇಟರಿನ ಬಾಯಲ್ಲಿರುವ ಚಿಟ್ಟೆ (ಗಾಳಿ ಬಿಡುವ ತಿರುಗುವ ತಟ್ಟೆ) ಪೂರ್ತಿ ತೆರೆಯಿತೇ ನೋಡಿ. ಕೇಬಲ್ ಸಡಿಲವಾದ ಹಳೆ ಇಂಜಿನ್‌ಗಳಲ್ಲಿ ಅದು ಮುಕ್ಕಾಲಿಗೇ ನಿಂತಿರುತ್ತದೆ. ಐಡಲ್ ಚೆನ್ನಾಗಿದ್ದು ಫುಲ್ ಥ್ರಾಟಲ್‌ನಲ್ಲಿ ಸಾಯುವುದಾದರೆ ಮೇನ್ ಜೆಟ್ (ಎಣ್ಣೆ ಹಾಯುವ ಸಣ್ಣ ತೂತು) ಕಟ್ಟಿದೆ. ಕಾರ್ಬ್ಯುರೇಟರ್ ಬಿಚ್ಚುವ ಸರದಿ ಈಗ ಬಂತು.

ಪ್ಲಗ್ ಎರಡನ್ನೂ ತೆಗೆದು ಪಕ್ಕಪಕ್ಕ ಇಡಿ. ಎರಡೂ ಕಂದು ಬಣ್ಣವಾದರೆ ಸಮಾಧಾನ. ಒಂದು ಒದ್ದೆ ಕಪ್ಪಾದರೆ ಆ ಸಿಲಿಂಡರ್ ಉರಿಯುತ್ತಿಲ್ಲ, ಪ್ಲಗ್ ಅದಲುಬದಲು ಮಾಡಿ ತೊಂದರೆಯೂ ಜೊತೆಗೆ ಹೋಯಿತೇ ನೋಡಿ. ತೊಳೆದಿಟ್ಟಂತೆ ಬಿಳಿಯಾಗಿದ್ದರೆ ಒಳಗೆ ನೀರು ಹೋಗುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಕಂಪ್ರೆಷನ್ ಗೇಜ್ ಹಾಕುವಾಗ ಪ್ಲಗ್ ವಯರುಗಳನ್ನು ಬ್ಲಾಕಿಗೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು, ನಾಲ್ಕೈದು ಸಲ ಹಗ್ಗ ಎಳೆಯಿರಿ. ಸೀಮೆಎಣ್ಣೆ ಇಂಜಿನ್ನಿನ ಅಂಕಿ ಪೆಟ್ರೋಲಿನದ್ದಕ್ಕಿಂತ ಕಡಿಮೆಯೇ ಇರುತ್ತದೆ, ಅದಕ್ಕೆ ಹೆದರಬೇಡಿ. ಎರಡು ಸಿಲಿಂಡರ್ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಬೆಲೆ ಮಾತಾಡುವುದನ್ನು ಅಲ್ಲಿಗೇ ನಿಲ್ಲಿಸಿ.

ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಫ್ಯಾನ್ ಕಳಚಿದರೆ ಕಾರಣ ಅಲ್ಲೇ ಇರುತ್ತದೆ: ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡ ಬಲೆಯ ನೈಲಾನ್ ದಾರ. ಇದು ಸಣ್ಣ ಖರ್ಚಿನ ರಿಪೇರಿ, ಚೌಕಾಸಿಗೂ ಒಳ್ಳೆಯ ನೆಪ. ಕವರಿನ ಬಣ್ಣ ಮಾಸಿದ್ದರೆ ಚಿಂತಿಸಬೇಡಿ. ಹೊಸದಾಗಿ ಬಣ್ಣ ಬಳಿದದ್ದಾದರೆ ಹೆಡ್ ಬೋಲ್ಟ್‌ಗಳ ಮೂಲೆ ನೋಡಿ. ಬಣ್ಣದಡಿಯಲ್ಲಿ ಸ್ಪ್ಯಾನರ್ ತಿಂದ ಗುರುತಿದ್ದರೆ, ಹೆಡ್ ಯಾಕೆ ಬಿಚ್ಚಿದ್ದು ಎಂದು ಮಾರುವವರನ್ನು ಕೇಳಿ.