ಸೋಯಾ, ಮಾತ್ರೆ, ಜೆಲ್: ಒಂದು ವರ್ಷದ ಪ್ರಯೋಗ

ಮುಟ್ಟು ನಿಂತು ವರ್ಷ ತುಂಬಿದಾಗ ನನಗೆ 49. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಂತೆಯೇ ಎದೆಯಿಂದ ಝಳ ಎದ್ದು ಕಿವಿಯವರೆಗೆ ಏರುತ್ತಿತ್ತು. ರಾತ್ರಿ ಎರಡು ಸಲ ಬಟ್ಟೆ ಬದಲಿಸಬೇಕಿತ್ತು. "ನಮಗೂ ನಿಂತಿತ್ತು, ನಾವೇನು ಮಾತ್ರೆ ನುಂಗಿದೆವೇ?" ಎಂದರು ಅತ್ತೆ.

ಮೊದಲ ಮೂರು ತಿಂಗಳು ರಾಗಿ ರೊಟ್ಟಿಗೆ ಸೋಯಾ ಹಿಟ್ಟು ಬೆರೆಸಿದೆ, ಸಂಜೆಯ ಕಾಫಿ ಬಿಟ್ಟೆ. ಹಗಲಿನ ಝಳ ಕೊಂಚ ತಗ್ಗಿತು, ರಾತ್ರಿಯದು ಜಗ್ಗಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದಿದ್ದರಿಂದ ಪುಣ್ಯ ಯಾವುದಕ್ಕೆ ಸೇರಬೇಕೋ ತಿಳಿಯದು.

ಆಮೇಲೆ ವೆನ್ಲಾಫ್ಯಾಕ್ಸಿನ್. ಮೂಲತಃ ಖಿನ್ನತೆಯ ಮಾತ್ರೆ. ಕಡಿಮೆ ಪ್ರಮಾಣದಲ್ಲಿ ಝಳಕ್ಕೂ ಕೊಡುತ್ತಾರೆ. ಎರಡೇ ವಾರದಲ್ಲಿ ಅರ್ಧಕ್ಕೆ ಇಳಿಯಿತು. ಆದರೆ ಬಾಯಿ ಒಣಗಿ, ಬೆಳಗಿನ ತಿಂಡಿ ಕಂಡರೆ ವಾಕರಿಕೆ. ಸ್ತನ ಕ್ಯಾನ್ಸರ್‌ ಶಸ್ತ್ರಚಿಕಿತ್ಸೆಯಾದ ನನ್ನ ಅಕ್ಕನಿಗೆ ಝಳಕ್ಕೆಂದು ಹಾರ್ಮೋನ್ ಕೊಡುವಂತಿಲ್ಲ. ಅವಳು ಇದೇ ಮಾತ್ರೆಯಲ್ಲಿ ನೆಮ್ಮದಿಯಾಗಿದ್ದಾಳೆ. ನನಗೆ ಒಗ್ಗಲಿಲ್ಲ, ವೈದ್ಯೆ ಹೇಳಿದಂತೆ ನಿಧಾನವಾಗಿ ಇಳಿಸಿ ಬಿಟ್ಟೆ.

ಹಾರ್ಮೋನ್ ಎಂದರೆ ನನಗೂ ಅಕ್ಕನ ಮುಖವೇ ಕಣ್ಣಮುಂದೆ ಬರುತ್ತಿತ್ತು. ಲೋಕವನ್ನೇ ಹೆದರಿಸಿದ್ದು ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನಡೆದು 2002ರಲ್ಲಿ ಅರ್ಧಕ್ಕೆ ನಿಂತ ಅಮೆರಿಕದ ಅಧ್ಯಯನ. ವೈದ್ಯೆ ಅದನ್ನು ಬಿಡಿಸಿ ಹೇಳಿದರು: ಅದರಲ್ಲಿದ್ದವರ ಸರಾಸರಿ ವಯಸ್ಸು 63, ಅವರು ನುಂಗಿದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ (ಮುಟ್ಟು ನಿಂತಾಗ ಮೈಯಲ್ಲಿ ಕುಸಿಯುವ ಹಾರ್ಮೋನ್) ಮತ್ತು ಕೃತಕ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ), ವರ್ಷಕ್ಕೆ 10,000 ಮಂದಿಯಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಸುಮಾರು 8. ಅಪಾಯ ಸುಳ್ಳಲ್ಲ, ಆದರೆ ನಾನು ಊಹಿಸಿದಷ್ಟು ದೊಡ್ಡದಲ್ಲ. ಅಕ್ಕನ ವಿಷಯ ಮುಚ್ಚಿಡದೆ ಹೇಳಿದೆ. ಮ್ಯಾಮೊಗ್ರಾಂ (ಸ್ತನದ ಎಕ್ಸ್‌-ರೇ), ರಕ್ತದೊತ್ತಡ ನೋಡಿಯೇ ಅವರು ಒಪ್ಪಿದ್ದು.

ಮಾತ್ರೆಯ ಬದಲು ಜೆಲ್ ಕೊಟ್ಟರು. ಚರ್ಮದಿಂದ ಇಳಿಯುವ ಈಸ್ಟ್ರೊಜೆನ್ ಮೊದಲು ಯಕೃತ್ತಿಗೆ ಹೋಗುವುದಿಲ್ಲವಾದ್ದರಿಂದ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಕೋಶ ಇರುವುದರಿಂದ, ಈಸ್ಟ್ರೊಜೆನ್‌ನಿಂದ ಅದರ ಒಳಪದರ ಬೆಳೆಯದಂತೆ ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್. ಇದು ಮಂಪರು ತರಿಸುತ್ತದೆ, ನನಗೆ ಅದೇ ವರವಾಯಿತು. ಆರನೆಯ ವಾರಕ್ಕೆ ಬೆಳಗಿನವರೆಗೆ ಒಂದೇ ನಿದ್ದೆ. ಎರಡನೆಯ ತಿಂಗಳು ರಕ್ತದ ಕಲೆ ಕಂಡಾಗ ಜೀವ ಬಾಯಿಗೆ ಬಂತು. ಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು ಎಂದರೂ ಸ್ಕ್ಯಾನ್ ಮಾಡಿಸಿದೆ, ತೊಂದರೆಯಿರಲಿಲ್ಲ. ಕೆಳಗಿನ ಒಣಗುವಿಕೆಗೆ ಮಾತ್ರ ಬೇರೆ ಕ್ರೀಮೇ ಬೇಕಾಯಿತು. ಈ ಮಾತನ್ನು ವೈದ್ಯೆಯ ಮುಂದೆ ಎತ್ತಲು ನನಗೆ ನಾಲ್ಕು ಭೇಟಿ ಹಿಡಿಯಿತು.

ಖರ್ಚಿನಲ್ಲಿ ಸೋಯಾ ಅಗ್ಗ, ಜೆಲ್ ದುಬಾರಿ. ರಗಳೆಯೂ ಉಂಟು: ತೋಳಿಗೆ ಹಚ್ಚಿದ ಮೇಲೆ ಕನಿಷ್ಠ ಒಂದು ಗಂಟೆ ಮೊಮ್ಮಗುವನ್ನು ಎತ್ತುವಂತಿಲ್ಲ. ಈಗ ಮಗು ಎದ್ದೇಳುವ ಮೊದಲೇ ಹಚ್ಚಿಕೊಳ್ಳುತ್ತೇನೆ. ಮುಂದಿನ ಮ್ಯಾಮೊಗ್ರಾಂ ನಂತರ, ಮುಂದುವರಿಸಬೇಕೇ ಎಂದು ವೈದ್ಯೆಯೊಂದಿಗೆ ಮತ್ತೆ ಕೂರಬೇಕು.