ನಾಯಿಗಳ ಸೀಟ್ ಕವರ್: ಮೂರು ವರ್ಷ ಘಾಟಿ ಹತ್ತಿಳಿದ ಮೇಲೆ

ಈ ಕವರ್ ಕೊಂಡಿದ್ದು 2022ರ ದಸರಾ ರಜೆಗೆ ಮುಂಚೆ, 2,350 ರೂಪಾಯಿಗೆ. ಮುಂದಿನ ಮತ್ತು ಹಿಂದಿನ ಹೆಡ್‌ರೆಸ್ಟ್‌ಗಳಿಗೆ ಪಟ್ಟಿ ಕಟ್ಟಿದರೆ ಹಿಂದಿನ ಸೀಟು ತೊಟ್ಟಿಲಿನ ಹಾಗೆ ಆಗುತ್ತದೆ. ಅದರಲ್ಲಿ ಮಲಗುವವರು ಮೂವರು: ಲ್ಯಾಬ್ರಡಾರ್ ಬೆಲ್ಲ, ಬೀದಿಯಿಂದ ಬಂದ ಕರಿಯ, ಅರ್ಧ ಮುಧೋಳ ತಳಿಯ ಕೆಂಚಿ. ಬೆಂಗಳೂರಿನಿಂದ ಉಡುಪಿಯ ತವರಿಗೆ ಸುಮಾರು 400 ಕಿಲೋಮೀಟರ್. ವರ್ಷಕ್ಕೆ ಮೂರು ಸಲ ಹೋಗುತ್ತೇವೆ. "ಮಕ್ಕಳು ಮರಿ ಕರ್ಕೊಂಡು ಬಾ ಅಂದ್ರೆ ಬರೀ ಮರಿಗಳನ್ನೇ ತರ್ತೀಯಲ್ಲ" ಅಂತ ಅಮ್ಮ ಪ್ರತಿ ಸಲ ಅನ್ನುತ್ತಾರೆ.

ಕೂದಲು, ಕೆಸರು, ಉಗುರಿನ ಗೀರು ಇವಕ್ಕೆ ಕವರ್ ಚೆನ್ನಾಗಿದೆ. ಕೊಡವಿದರೆ ಸಾಕು. ವಾಂತಿಗೆ ಮಾತ್ರ ಇದನ್ನು ನಂಬಬೇಡಿ. ಮೊದಲನೇ ಸಲವೇ ಶಿರಾಡಿ ಘಾಟಿಯ ತಿರುವಿನಲ್ಲಿ ಕೆಂಚಿ ಕಕ್ಕಿದಳು. ಬಟ್ಟೆಯೇನೋ ನೀರು ಹೀರುವುದಿಲ್ಲ, ಆದರೆ ಸೀಟ್ ಬೆಲ್ಟ್‌ಗೆ ಅಂತ ಬಿಟ್ಟಿರುವ ಸೀಳುಗಳಿಂದ ಎಲ್ಲ ಕೆಳಗಿಳಿಯಿತು. ವಾಸನೆ ಹೋಗಲು ಒಂದು ತಿಂಗಳು ಬೇಕಾಯಿತು. ಈಗ ಸೀಳಿನ ಮೇಲೆ ಹಳೆ ಟವೆಲ್ ಹಾಸುತ್ತೇನೆ. ಹಿಂದಿನ ರಾತ್ರಿ ಬೇಗ ಊಟ, ಬೆಳಿಗ್ಗೆ ಬರೀ ಸ್ವಲ್ಪ ನೀರು, ಐದು ಗಂಟೆಗೆ ಹೊರಡುವುದು. ಡಾಕ್ಟರ್ ಬರೆದುಕೊಟ್ಟ ಮಾತ್ರೆ ಕೆಂಚಿಗೆ ಮಾತ್ರ.

ಇನ್ನೊಂದು ತೊಂದರೆ ಗಾಳಿಯದು. ಕವರ್‌ನ ಮುಂಭಾಗ ಗೋಡೆಯ ಹಾಗೆ ನಿಂತು ಎಸಿ ಗಾಳಿ ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಒಂದು ಏಪ್ರಿಲ್‌ನಲ್ಲಿ ಹಾಸನ ತಲುಪುವಷ್ಟರಲ್ಲಿ ಬೆಲ್ಲನಿಗೆ ವಿಪರೀತ ಏದುಸಿರು. ನಾವು ಮುಂದೆ ತಣ್ಣಗೆ ಕೂತಿದ್ದೆವು, ಗೊತ್ತೇ ಆಗಲಿಲ್ಲ. ಆಮೇಲೆ ನಮ್ಮವರು ಮಧ್ಯದಲ್ಲಿ ಚೌಕ ಕತ್ತರಿಸಿ, ಟೈಲರ್ ಹತ್ತಿರ ಸೊಳ್ಳೆಪರದೆ ಬಟ್ಟೆ ಹೊಲಿಸಿದರು. ನೀವು ಕೊಳ್ಳುವುದಾದರೆ ಜಾಲರಿ ಇರುವುದನ್ನೇ ಕೊಳ್ಳಿ.

ನಿಜವಾದ ಪರೀಕ್ಷೆ 2024ರ ಜುಲೈ ಕೊನೆಯಲ್ಲಿ. ಹಾಸನದಲ್ಲಿ ಕಾಫಿ ಕುಡಿಯುತ್ತಿದ್ದಾಗ ದೊಡ್ಡತಪ್ಲೆ ಹತ್ತಿರ ಗುಡ್ಡ ಕುಸಿದು ಶಿರಾಡಿ ಬಂದ್ ಅಂತ ಸುದ್ದಿ ಬಂತು. ಬೇಲೂರು, ಮೂಡಿಗೆರೆ, ಚಾರ್ಮಾಡಿ ಕಡೆ ತಿರುಗಿದೆವು. ಎಲ್ಲರೂ ಅದೇ ದಾರಿ ಹಿಡಿದಿದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು (ಅದನ್ನು ಬಿಟ್ಟು ಘಾಟಿ ಇಳಿಯುವವರು ಯಾರಿದ್ದಾರೆ?) ಹೊರಟರೆ, ತಿರುವಿನ ತಡೆಗೋಡೆ ಮೇಲೆ ಕೋತಿಗಳ ಸಾಲು. ಮೂರೂ ನಾಯಿಗಳು ಒಟ್ಟಿಗೆ ಎಡಕ್ಕೆ ಹಾರಿದವು. ಪಟ್ಟಿಯ ಪ್ಲಾಸ್ಟಿಕ್ ಕೊಂಡಿ ಚಟ್ ಅಂತ ಮುರಿಯಿತು, ಕರಿಯ ಸೀಟಿನ ಕೆಳಗೆ ಬಿದ್ದ. ಆ ಮಳೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದಿಂದ ಕಟ್ಟಿಕೊಂಡು ಇಳಿದೆವು.

ಮಾರಿದವರಿಗೆ ಮೂರು ಸಲ ಫೋಟೋ ಕಳಿಸಿದೆ. ವಾರಂಟಿ ಆರೇ ತಿಂಗಳು ಅಂತ ಒಂದು ಸಾಲಿನ ಉತ್ತರ ಬಂತು, ಅಷ್ಟೇ.

ಇದನ್ನು ಸುರಕ್ಷತೆಯ ಸಾಮಾನು ಅಂದುಕೊಳ್ಳಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ನಾಯಿ ಹಾರಿ ಬರುವುದನ್ನು ಬಟ್ಟೆ ತಡೆಯುವುದಿಲ್ಲ. ಎದೆಗೆ ಹಾಕುವ ಹಾರ್ನೆಸ್‌ಗೆ ಬೆಲ್ಟ್ ಸಿಕ್ಕಿಸಿ. ಕುತ್ತಿಗೆಪಟ್ಟಿಗೆ ಬೇಡ, ಉಸಿರು ಕಟ್ಟುತ್ತದೆ. ಬಾಗಿಲು ತೆಗೆಯುವ ಮುಂಚೆ ಹಗ್ಗ ಕೈಯಲ್ಲಿರಲಿ.

ಕವರ್‌ಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ಸಕಲೇಶಪುರದ ಕಡೆ ಒಂದು ಹೋಮ್‌ಸ್ಟೇ ಗೇಟಿನಲ್ಲಿ "ಒಂದೇ ನಾಯಿ ಅಂದ್ಕೊಂಡಿದ್ವಿ ಮೇಡಂ" ಅಂದರು, ರಾತ್ರಿ ಎಂಟು ಗಂಟೆಗೆ. ನಾಯಿಗೆ ಜಾಗ ಇದೆ ಅಂದರೆ ಮೂರಕ್ಕೆ ಇದೆ ಅಂತಲ್ಲ. ಈಗ ಫೋನಿನಲ್ಲೇ ಎಷ್ಟು ನಾಯಿ, ಎಷ್ಟು ದೊಡ್ಡವು ಅಂತ ಹೇಳಿ, ವಾಟ್ಸಾಪ್‌ನಲ್ಲಿ ಫೋಟೋನೂ ಹಾಕುತ್ತೇನೆ. ಲಸಿಕೆ ಪುಸ್ತಕ ಡ್ಯಾಶ್‌ಬೋರ್ಡ್‌ನಲ್ಲೇ ಇರುತ್ತದೆ. ಮಲೆನಾಡಿನಲ್ಲಿ ಇಳಿಸಿದ ಮೇಲೆ ಕಿವಿ, ಬೆರಳ ಸಂದು ನೋಡಿ. ಇಂಬಳ (ಜಿಗಣೆ) ಕಾಣುತ್ತದೆ, ಉಣ್ಣಿ ಅಡಗಿರುತ್ತದೆ.

ತೊಳೆಯುವುದು? ನಾನು ಒಮ್ಮೆ ಬಿಸಿನೀರಲ್ಲಿ ವಾಷಿಂಗ್ ಮೆಷಿನ್‌ಗೆ ಹಾಕಿಬಿಟ್ಟೆ. ಒಳಗಿನ ಲೇಪ ಹಪ್ಪಳದ ಹಾಗೆ ಎದ್ದಿತು. ತಣ್ಣೀರು, ಕೈಯಲ್ಲಿ, ನೆರಳಲ್ಲಿ ಒಣಗಿಸಿ.

ಒಂದೆರಡು ನಾಯಿಗೆ ಐದಕ್ಕೆ ನಾಲ್ಕು ಸ್ಟಾರ್. ಮೂರಕ್ಕೆ ಎರಡೂವರೆ. ಆ ಮುರಿದ ಕೊಂಡಿಗೆ ಉಡುಪಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಕಬ್ಬಿಣದ ಬಳೆ ಹಾಕಿ ಹೊಲಿದುಕೊಟ್ಟರು, ಅರವತ್ತು ರೂಪಾಯಿಗೆ. ಅದು ಇನ್ನೂ ಗಟ್ಟಿಯಾಗಿದೆ. ಉಳಿದ ಮೂರು ಕೊಂಡಿಗಳನ್ನೂ ಈ ಸಲ ಅವರ ಹತ್ತಿರವೇ ಬದಲಾಯಿಸಬೇಕು.